ಕಲ್ವಾ: ಹಸಿಯೋ, ಬೇಯಿಸಿದ್ದೋ, ಯಾವ ತಿಂಗಳಲ್ಲಿ?

ಡಿಸೆಂಬರಿನಲ್ಲಿ ಕಾರವಾರಕ್ಕೆ ಬರುತ್ತೇವೆ, ಕಲ್ವಾ (ಚಿಪ್ಪಿನೊಳಗಿನ ಸಿಂಪಿ, ಅಂದರೆ ಆಯ್ಸ್ಟರ್) ಹಸಿಯಾಗಿ ತಿನ್ನಬಹುದಾ ಅಂತ ಕೇಳಿದ್ದೀರಿ.

ಮಳೆಗಾಲದಲ್ಲಿ ಬೇಡವೇ ಬೇಡ. ಕಾಳಿ ನದಿ ಕೆಂಪಾಗಿ ಹರಿಯುವಾಗ ಊರಿನ ಕೊಳೆಯೆಲ್ಲ ಅಳಿವೆಗೆ. ಸಿಂಪಿ ಅದನ್ನೇ ಸೋಸಿ ಉಣ್ಣುತ್ತದೆ. ಚಳಿಗಾಲದಲ್ಲಿ ನೀರೇನೋ ತಿಳಿ. ಆದರೆ ಇಂಗ್ಲಿಷ್ ಹೆಸರಲ್ಲಿ ‘ಆರ್’ ಅಕ್ಷರ ಇರುವ ತಿಂಗಳು ಸುರಕ್ಷಿತ ಎಂಬ ಲೆಕ್ಕ ಯುರೋಪಿನ ತಣ್ಣೀರಿನದು. ನಮ್ಮ ಕಡಲು ಜನವರಿಯಲ್ಲೂ 25 ಡಿಗ್ರಿ ಮೇಲೆ; ಕಾಯಿಲೆ ತರುವ ವಿಬ್ರಿಯೊ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಧಾರಾಳ. ನಿಂಬೆರಸಕ್ಕೂ ಫೆನ್ನಿಗೂ ಅದು ಸಾಯದು, ವಾಸನೆಯಲ್ಲೂ ಗೊತ್ತಾಗದು.

ಬೇಯಿಸುವುದಾದರೆ ಚಿಪ್ಪು ಬಾಯಿಬಿಟ್ಟ ಮೇಲೂ 5 ನಿಮಿಷ ಕುದಿಸಿ, ಬಿಡದ್ದನ್ನು ಎಸೆಯಿರಿ. ಕಡಲಿನ ಆ ಉಪ್ಪುರುಚಿ ತುಸು ಹೋಗುತ್ತದೆ. ತೆಂಗಿನ ಕಾಯಿರಸ ಬಿದ್ದರೆ ನನಗಂತೂ ಬೇಸರವಿಲ್ಲ.

ಲಿವರ್ ತೊಂದರೆ, ಸಕ್ಕರೆ ಕಾಯಿಲೆ ಇದ್ದವರಿಗೆ, ಬಸುರಿಯರಿಗೆ ವರ್ಷಪೂರ್ತಿ ಬೇಯಿಸಿದ್ದೇ. ಆರೋಗ್ಯ ಗಟ್ಟಿಯಿದ್ದು ಹಸಿಯೇ ಬೇಕೆನ್ನುವವರು ಚಳಿಗಾಲದಲ್ಲಿ, ಶುದ್ಧ ಕಡಲನೀರಿನಲ್ಲಿಟ್ಟು ಒಳಗಿನ ಕೊಳೆ ಕಳೆದು ಐಸಿನಲ್ಲೇ ತಂದ ಸಾಕಣೆಯ ಸಿಂಪಿ ನೋಡಿ. ಅಪಾಯ ತಗ್ಗೀತು, ಪೂರ್ತಿ ಹೋಗದು.