ಕೂಡದ ಕಾಲರ್ ಬೋನ್‌ಗೆ ಎರಡು ಪ್ಲೇಟ್: ಮೇಲೆ ಕೂತದ್ದು, ಮುಂದೆ ಕೂತದ್ದು

ಮೊದಲೇ ಹೇಳಿಬಿಡುತ್ತೇನೆ, ಮುರಿದು ಕೂಡದ ಕಾಲರ್ ಬೋನ್‌ಗೆ (ಕತ್ತಿನ ಬುಡದಿಂದ ಭುಜಕ್ಕೆ ಹೋಗುವ ಮೂಳೆ) ಸ್ಕ್ರೂ ಹಾಕಿ ಬಿಗಿಯುವ ಲೋಹದ ಪಟ್ಟಿಗಳಲ್ಲಿ ನನ್ನ ಓಟು ಮೂಳೆಯ ಮುಂದೆ, ಸ್ವಲ್ಪ ಕೆಳಗೆ ಕೂರಿಸುವ ಪ್ಲೇಟಿಗೆ. ಎರಡನ್ನೂ ಹಾಕಿಸಿಕೊಂಡ ಪುಣ್ಯಾತ್ಮ ನಾನು.

ಸ್ಕೂಟರಿನಿಂದ ಬಿದ್ದು ಬಲಗಡೆಯ ಮೂಳೆ ಮುರಿಯಿತು. ಕೈಯನ್ನು ಜೋಲಿಗೆ ಹಾಕಿಕೊಂಡು ಕಾದೆ. ದೊಡ್ಡಪ್ಪ ಪುತ್ತೂರು ಕಟ್ಟು ಕಟ್ಟಿಸು ಎಂದರು. ಏಳು ತಿಂಗಳಾದರೂ ಎಕ್ಸ್‌ರೇಯಲ್ಲಿ ಸಂದು ಹಾಗೇ ಇತ್ತು. ಕೈ ಎತ್ತಿದರೆ ಒಳಗೆ ಲಟಕ್ ಅನ್ನುತ್ತಿತ್ತು.

ಮೊದಲ ಸಲ ಮೂಳೆಯ ಮೇಲ್ಗಡೆ ರೀಕನ್‌ಸ್ಟ್ರಕ್ಷನ್ ಪ್ಲೇಟ್ ಅನ್ನುವ, ಸುಲಭವಾಗಿ ಬಗ್ಗುವ ಪ್ಲೇಟ್ ಹಾಕಿದರು. ಅಗ್ಗ ಅಂತ ನಾನೇ ಒಪ್ಪಿದ್ದೆ. ಅಲ್ಲಿ ಚರ್ಮದಡಿ ಮಾಂಸವೇ ಇಲ್ಲ, ಸ್ಕ್ರೂ ತಲೆಗಳನ್ನು ಬೆರಳಿನಿಂದ ಎಣಿಸಬಹುದಿತ್ತು.

ನಿಜವಾದ ಕಾಟ ಸೀಟ್ ಬೆಲ್ಟಿನದು. ನಮ್ಮಲ್ಲಿ ಡ್ರೈವರ್ ಸೀಟಿನ ಬೆಲ್ಟ್ ಬಲ ಭುಜದ ಮೇಲೇ ಬರುತ್ತದೆ, ನನ್ನ ಪ್ಲೇಟೂ ಅಲ್ಲೇ. ದಿನಾ ಆಫೀಸಿಗೆ ಹೋಗಿ ಬರಲು ಎರಡು ಗಂಟೆ ಕಾರು ಓಡಿಸುವವನು ನಾನು. ರಸ್ತೆಯ ಪ್ರತಿ ಉಬ್ಬಿಗೂ ಬೆಲ್ಟು ಸ್ಕ್ರೂ ಮೇಲೆ ಕುಟ್ಟುತ್ತಿತ್ತು. ಟವೆಲ್ ಮಡಚಿ ಇಟ್ಟೆ, ಜಾರಿತು. ಪಿನ್ನು ಹಾಕಿದೆ, ಪಿನ್ನೇ ಚುಚ್ಚಿತು. ಬೆಲ್ಟನ್ನು ಕಂಕುಳ ಕೆಳಗೆ ತೂರಿಸಿಕೊಂಡರೆ ಹೆಂಡತಿ ಬೈಯುತ್ತಿದ್ದಳು, ಅವಳು ಹೇಳಿದ್ದೂ ಸರಿ ಅಲ್ವಾ? ಕೊನೆಗೆ ಅವಳೇ ಓಡಿಸಿದಳು. ಲ್ಯಾಪ್‌ಟಾಪ್ ಬ್ಯಾಗು ಎಡ ಭುಜಕ್ಕೆ ಹೋಯಿತು. ಬಲಗಡೆ ಮಲಗುವ ಅಭ್ಯಾಸವೂ ಬಿಟ್ಟುಹೋಯಿತು.

ಐದನೇ ತಿಂಗಳಲ್ಲಿ ಪ್ಲೇಟೇ ಮುರಿಯಿತು, ಸ್ಕ್ರೂ ತೂತಿನ ಹತ್ತಿರ. ಈ ಪ್ಲೇಟಿನಲ್ಲಿ ತೂತುಗಳ ನಡುವೆ ಕಚ್ಚು ಇರುತ್ತದೆ. ಮೂಳೆಯ ಆಕಾರಕ್ಕೆ ಬಗ್ಗಿಸಲು ಸುಲಭ, ಆದರೆ ಗಟ್ಟಿತನವೂ ಕಡಿಮೆ. ಮೂಳೆ ಕೂಡದಿದ್ದರೆ ಭಾರವೆಲ್ಲ ಲೋಹದ ಮೇಲೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ತುಂಡಾಗುತ್ತಲ್ಲ, ಹಾಗೆ. ದಿನಕ್ಕೆ ನಾಲ್ಕು ಸಿಗರೇಟು ಸೇದುತ್ತಿದ್ದೆ, ಮೂಳೆ ಕೂಡದಿದ್ದುದರಲ್ಲಿ ಅದರ ಪಾಲೂ ಇದ್ದೀತು. ಹಾಗಾಗಿ ಮುರಿದದ್ದಕ್ಕೆ ಜಾಗವನ್ನು ದೂರುವುದಿಲ್ಲ. ತೋಳಿನ ಭಾರ ಕೆಳಕ್ಕೆ ಜಗ್ಗುವಾಗ ಮೇಲಿನ ಪ್ಲೇಟೇ ಜಾಸ್ತಿ ತಡೆಯುತ್ತದೆ ಎಂದು ಡಾಕ್ಟರೇ ಹೇಳಿದ್ದರು.

ಎರಡನೇ ಸಲ ಮುಂದುಗಡೆ 3.5 ಎಂಎಂ ಸ್ಕ್ರೂಗಳ ಲಾಕಿಂಗ್ ಪ್ಲೇಟ್ (ಸ್ಕ್ರೂ ತಲೆ ಪ್ಲೇಟಿಗೇ ಕಚ್ಚಿಕೊಳ್ಳುವಂಥದ್ದು), ಮೂಳೆಯ ಬಾಗಿಗೆ ಮೊದಲೇ ತಿದ್ದಿದ್ದು. ಜೊತೆಗೆ ಸೊಂಟದ ಮೂಳೆಯಿಂದ ಚೂರು ತೆಗೆದು ಸಂದಿಗೆ ತುಂಬಿದರು. ಭುಜಕ್ಕಿಂತ ಸೊಂಟವೇ ಹೆಚ್ಚು ನೋಯಿತು, ಮೂರು ವಾರ ಕುಂಟಿದೆ. ಮುಂದುಗಡೆ ಹಾಕುವಾಗ ಸ್ಕ್ರೂ ತೂತು ಕೊರೆಯುವ ಡ್ರಿಲ್ ಶ್ವಾಸಕೋಶ, ರಕ್ತನಾಳಗಳ ಕಡೆ ಅಷ್ಟಾಗಿ ನೇರ ಮುಖ ಮಾಡುವುದಿಲ್ಲ ಎಂಬುದೂ ನನಗೆ ಸಮಾಧಾನ. ಗಾಯದ ಕೆಳಗಿನ ಜೋಮು ಎರಡರಲ್ಲೂ ಒಂದೇ.

ಮೇಲೊಂದು ಮುಂದೊಂದು ಎರಡು ಸಣ್ಣ ಪ್ಲೇಟ್ ಹಾಕುವುದೂ ಉಂಟು. ನನ್ನ ಇನ್ಶೂರೆನ್ಸಿನಲ್ಲಿ ಅಷ್ಟು ಉಳಿದಿರಲಿಲ್ಲ.

ನೀವು ಕಾರು ಓಡಿಸದವರು, ಮೈಯಲ್ಲಿ ಸ್ವಲ್ಪ ಮಾಂಸ ಇರುವವರು ಆದರೆ ಮೇಲಿನದೂ ನಡೆದೀತು, ಗಟ್ಟಿ ಪ್ಲೇಟ್ ಹಾಕಿಸಿಕೊಳ್ಳಿ. ನನ್ನಂಥ ಒಣಕಲಿಗೆ ಮುಂದಿನದೇ ಸೈ. ಆರನೇ ತಿಂಗಳ ಎಕ್ಸ್‌ರೇಯಲ್ಲಿ ಸಂದು ಮುಚ್ಚಿತ್ತು. ಬೆಲ್ಟಿನ ಕೆಳಗಿನ ಟವೆಲ್ ಈಗ ಗಾಜು ಒರೆಸುವುದಕ್ಕೆ.