ಮ್ಯಾಂಡರಿನ್‌ಗೆ ಪೂರ್ತಿ ಅಂಕ, ಹವಳಕ್ಕೆ ಅರ್ಧ

ಮೊದಲೇ ಹೇಳಿಬಿಡುತ್ತೇನೆ. ಉಪ್ಪುನೀರಿನ ಟ್ಯಾಂಕಿಗೆ ಮೀನು ತರೋದಾದರೆ ಹ್ಯಾಚರಿಯಲ್ಲಿ, ಅಂದರೆ ಮರಿ ಮಾಡಿಸಿ ಸಾಕುವ ಕಡೆ, ಹುಟ್ಟಿದ್ದನ್ನೇ ತನ್ನಿ, ದುಡ್ಡು ಜಾಸ್ತಿಯಾದರೂ ಸರಿ. ಹವಳದ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳೋಕೆ ಆಗಲ್ಲ.

ನಾವಿರೋದು ಶಿಕಾಗೋ ಹತ್ತಿರದ ನೇಪರ್‌ವಿಲ್. ಟ್ಯಾಂಕ್ 40 ಗ್ಯಾಲನ್ನಿನದು. ಮೀನೆಲ್ಲ ಇಲ್ಲೇ ಹತ್ತಿರದ ಒಂದು ಸಣ್ಣ ಅಂಗಡಿಯಿಂದ ತಂದವು. ಒಂದು ಜೋಡಿ ಓಸೆಲಾರಿಸ್ ಕ್ಲೌನ್ (ಕಿತ್ತಳೆ ಮೈ, ಬಿಳಿ ಪಟ್ಟೆಯ ಮೀನು), ಫ್ಲೋರಿಡಾದ ಓಆರ್‌ಎ ಹ್ಯಾಚರಿಯವು. ಒಂದು ಮ್ಯಾಂಡರಿನ್, ಬಯೋಟಾ ಅನ್ನುವ ಇನ್ನೊಂದು ಹ್ಯಾಚರಿಯವರದು. ಕುಮಟಾದಿಂದ ಬಂದಿದ್ದ ನಮ್ಮತ್ತೆ ಬೆಲೆ ಕೇಳಿ, "ಇಷ್ಟು ದುಡ್ಡಿಗೆ ಎಷ್ಟು ಬುಟ್ಟಿ ಬಂಗುಡೆ ಬರ್ತಿತ್ತು!" ಅಂದರು. ಅದೂ ನಿಜವೇ.

ಕ್ಲೌನ್ ಬಗ್ಗೆ ಜಾಸ್ತಿ ಹೇಳೋಕೆ ಏನೂ ಇಲ್ಲ. ಹಾಕಿದ್ದು ತಿನ್ನುತ್ತವೆ, ಜಗಳ ಕಡಿಮೆ. ಕೊಳ್ಳುವಾಗ ಕಿವಿರಿನ ಮುಚ್ಚಳ ನೋಡಿ. ಸಾಕಿದ ಮರಿಗಳಲ್ಲಿ ಕೆಲವಕ್ಕೆ ಅದು ಸರಿಯಾಗಿ ಮುಚ್ಚಿರೋದಿಲ್ಲ, ಒಳಗಿನ ಕೆಂಪು ಕಾಣುತ್ತದೆ. ಅಂಥದ್ದು ಬೇಡ. ಬಿಳಿ ಪಟ್ಟೆ ಅರ್ಧಕ್ಕೇ ನಿಂತಿದ್ದರೆ ಚಿಂತೆಯಿಲ್ಲ. ಅದಕ್ಕೇ ಒಂದು ಚೆಂದದ ಹೆಸರಿಟ್ಟು ಮೂರು ಪಟ್ಟು ಬೆಲೆ ಹೇಳೋರಿದ್ದಾರೆ, ಅದಕ್ಕೆ ಮರುಳಾಗಬೇಡಿ ಅಷ್ಟೇ.

ಮ್ಯಾಂಡರಿನ್ ಕಥೆ ಬೇರೆ. ನೀಲಿ ಮೈಮೇಲೆ ಕಿತ್ತಳೆ ಗೆರೆ, ನೋಡಿದ ಕೂಡಲೇ ಬೇಕು ಅನಿಸುವ ಮೀನು. ಆದರೆ ಸಮುದ್ರದಿಂದ ಹಿಡಿದು ತಂದದ್ದು ಸಾಮಾನ್ಯವಾಗಿ ಕಲ್ಲಿನ ಮೇಲಿನ ಕೋಪಿಪಾಡ್ ಅನ್ನುವ ಪುಟಾಣಿ ಜೀವಿಗಳನ್ನು ಬಿಟ್ಟು ಬೇರೇನೂ ಮುಟ್ಟೋದಿಲ್ಲ. ಸಣ್ಣ ಟ್ಯಾಂಕಿನಲ್ಲಿ ಅವು ಬೇಗ ಖಾಲಿಯಾಗುತ್ತವೆ, ಮೀನು ಹೊಟ್ಟೆ ಒಳಗೆ ಹೋಗಿ ನಿಧಾನವಾಗಿ ಸಾಯುತ್ತದೆ. ಹ್ಯಾಚರಿಯ ಮರಿಗೆ ಚಿಕ್ಕಂದಿನಿಂದಲೇ ಬೇರೆ ಆಹಾರದ ಅಭ್ಯಾಸ ಮಾಡಿಸಿರುತ್ತಾರೆ. ಹಾಗಂತ ಬರೀ ಚೀಟಿ ನಂಬಿ ತರಲಿಲ್ಲ. "ನನ್ನ ಮುಂದೆ ಒಂದ್ಸಲ ತಿನ್ನಿಸಿ ತೋರಿಸಿ" ಅಂದೆ. ಅಂಗಡಿಯವರು ಪಂಪ್ ನಿಲ್ಲಿಸಿ, ಪಿಪೆಟ್ಟಿನಲ್ಲಿ ಫ್ರೋಜನ್ ಸಿಗಡಿಯ ಚೂರು ಬಿಟ್ಟರು. ಬೆರಳಿನ ಒಂದು ಗೆಣ್ಣಿನಷ್ಟಿದ್ದ ಮರಿ ಮರಳಿನ ಮೇಲೆ ಕುಪ್ಪಳಿಸಿ ಬಂತು. ಒಂದು ಕಣ್ಣು ತಿರುಗಿಸಿ ನೋಡಿತು. ಆಮೇಲೆ ಕೋಳಿ ಕಾಳು ಹೆಕ್ಕುವ ಹಾಗೆ ಒಂದೊಂದನ್ನೇ ಹೆಕ್ಕಿತು. ಪೆಲೆಟ್ಟನ್ನೂ ಬಿಡಲಿಲ್ಲ. ಮನೆಯಲ್ಲೂ ಹಾಗೇ. ಒಂದೇ ತೊಂದರೆ ಅಂದರೆ ಇದು ನಿಧಾನಿ. ಕ್ಲೌನ್‌ಗಳಿಗೆ ಮೇಲೆ ಹಾಕಿ, ಅವು ಅಲ್ಲಿ ತೊಡಗಿರುವಾಗ ಇದಕ್ಕೆ ಕೆಳಗೆ ಬಿಡಬೇಕು.

ಯೆಲ್ಲೋ ಟ್ಯಾಂಗ್ ಅನ್ನುವ ಹಳದಿ ಮೀನನ್ನೂ ಕೇಳಿದ್ದೆ. ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್‌ನವರು ಬಹಳ ಕಾಲ ಒದ್ದಾಡಿ 2015ರಲ್ಲಿ ಅದರ ಮರಿಗಳನ್ನು ಬೆಳೆಸಿ ತೋರಿಸಿದರು. ಈಗ ಹ್ಯಾಚರಿಯದು ಅಂಗಡಿಯಲ್ಲೇ ಸಿಗುತ್ತದೆ. ಆದರೆ ನನ್ನ ಟ್ಯಾಂಕಿನ ಅಳತೆ ಕೇಳಿ ಅಂಗಡಿಯವರು ಮಾರೋಕೆ ಒಪ್ಪಲಿಲ್ಲ. ಓಡಾಡೋಕೆ ಅದಕ್ಕೆ ಇನ್ನೂ ಉದ್ದದ ಟ್ಯಾಂಕ್ ಬೇಕು. ಬಂದ ಗಿರಾಕಿಯನ್ನು ಹಾಗೇ ಕಳಿಸೋರು ಎಷ್ಟು ಜನ ಇದ್ದಾರೆ, ಅಲ್ವಾ?

ಇನ್ನು ಹವಳ. ಒಂದು ಆನ್‌ಲೈನ್ ಅಂಗಡಿಯಿಂದ ಹ್ಯಾಮರ್ ಅನ್ನುವ ಹವಳ ತರಿಸಿದೆ. ಪ್ಯಾಕಿಂಗ್‌ನಲ್ಲಿ ತಪ್ಪು ಹುಡುಕೋಕಾಗಲ್ಲ. ಜನವರಿಯ ಚಳಿಯಲ್ಲೂ ಹೀಟ್ ಪ್ಯಾಕ್ ಇಟ್ಟು ಬೆಚ್ಚಗೇ ಕಳಿಸಿದ್ದರು. ಆದರೆ ಫೋಟೋದಲ್ಲಿ ಉರಿಯುತ್ತಿದ್ದ ಹಸಿರು ಬಿಳಿ ಬೆಳಕಿನಲ್ಲಿ ಮಾಸಲು ಕಂದು. ಬರೀ ನೀಲಿ ಲೈಟಿನಲ್ಲಿ ತೆಗೆದ ಫೋಟೋ ನೋಡಿ ದುಡ್ಡು ಕೊಡಬೇಡಿ. ಹವಳ ಅಂಟಿಸಿದ ಸಣ್ಣ ಬಿಲ್ಲೆ, ಅಂದರೆ ಪ್ಲಗ್ಗಿನ ಅಡಿಯಲ್ಲಿ ಐಪ್ಟೇಸಿಯಾ ಅನ್ನುವ ಒಂದು ಸಣ್ಣ ಸೀ ಅನಿಮೋನ್ ಬೇರೆ. ಬಿಟ್ಟರೆ ಟ್ಯಾಂಕ್ ತುಂಬ ಹಬ್ಬುವ ಪೀಡೆ ಅದು. ಬರೆದು ಕೇಳಿದರೆ "ಡಿಪ್ ಮಾಡಿ" (ಔಷಧಿ ಬೆರೆಸಿದ ನೀರಲ್ಲಿ ಅದ್ದಿ) ಅಂತ ಒಂದೇ ಸಾಲಿನ ಉತ್ತರ. ಡಿಪ್ಪಿಗೆ ಅದು ಜಗ್ಗಲಿಲ್ಲ. ಪ್ಲಗ್ಗನ್ನೇ ಒಡೆದು ಬಿಸಾಕಿ, ಹವಳವನ್ನು ಬೇರೆಯದಕ್ಕೆ ಅಂಟಿಸಿದೆ.

"ಆಕ್ವಾಕಲ್ಚರ್ಡ್" (ಸಾಕಿ ಬೆಳೆಸಿದ್ದು) ಅನ್ನುವ ಮಾತಿಗೂ ಪೂರ್ತಿ ಬೆಲೆ ಕೊಡಬೇಡಿ. ಹೋದ ವಾರ ಸಮುದ್ರದ ಹವಳದಿಂದ ಕತ್ತರಿಸಿ ಅಂಟಿಸಿದ ತುಂಡಿಗೂ ಕೆಲವರು ಅದನ್ನೇ ಬರೆಯುತ್ತಾರೆ. ಮಾಂಟಿಪೊರಾ, ಜೋವಾ ಥರ ಹರಡಿ ಬೆಳೆಯುವ ಜಾತಿಯದಾದರೆ ಬುಡ ನೋಡಿ. ಅಂಟನ್ನೂ ದಾಟಿ ಪ್ಲಗ್ಗಿನ ಮೇಲೆ ಹರಡಿದ್ದರೆ ಅಲ್ಲಿ ಸ್ವಲ್ಪ ಕಾಲ ಬೆಳೆದಿದೆ ಅಂತ ಲೆಕ್ಕ.

ಕೊನೆಗೆ ಜೋವಾ ತಂದದ್ದು ಅದೇ ಸಣ್ಣ ಅಂಗಡಿಯಿಂದ. ತಮ್ಮ ಟ್ಯಾಂಕಿನದನ್ನೇ ನನ್ನೆದುರು ಕತ್ತರಿಸಿ ಕೊಟ್ಟರು, 20 ಡಾಲರ್. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಕತ್ತರಿಸಿದರು. ಜೋವಾಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಕೆಟ್ಟ ವಿಷ ಇರಬಹುದು. ಅವು ಅಂಟಿರುವ ಕಲ್ಲನ್ನು ಬಿಸಿನೀರಲ್ಲಿ ಕುದಿಸೋ ಸಾಹಸ ಯಾವತ್ತೂ ಬೇಡ.

ಬೆಂಗಳೂರಿನ ಗೆಳೆಯರು ಇದನ್ನೆಲ್ಲ ಅಲ್ಲೂ ಮಾಡಬಹುದಾ ಅಂತ ಕೇಳುತ್ತಾರೆ. ಕ್ಲೌನ್ ಮರಿ ಮಾಡಿಸೋದನ್ನು ನಮ್ಮ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ಯಾವತ್ತೋ ಸಾಧಿಸಿದೆ, ಊರಲ್ಲಿ ಹುಟ್ಟಿದ್ದನ್ನೇ ಕೇಳಿ ತನ್ನಿ. ಗಟ್ಟಿ ಹವಳದ (ಹ್ಯಾಮರ್, ಮಾಂಟಿಪೊರಾ ಥರದ್ದರ) ಆಸೆ ಮಾತ್ರ ಬಿಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಹುಲಿಯ ಜೊತೆಗೇ ಅದೂ ಇದೆ. ನೋಡಲೇಬೇಕು ಅನಿಸಿದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ.

ಆ ಸಣ್ಣ ಅಂಗಡಿಯ ಮೇಲೆ ನನ್ನದು ಒಂದೇ ತಕರಾರು. ಯಾವ ಹವಳದ ಮೇಲೂ ಬೆಲೆ ಬರೆದಿರೋದಿಲ್ಲ. ಒಂದೊಂದನ್ನೂ ಕೇಳಿ ಕೇಳಿ ಮುಜುಗರ ಆಗುತ್ತದೆ.