ಹ್ಯಾನ್‌ಫೋರ್ಡ್ ತ್ಯಾಜ್ಯ: ಗಾಜೋ, ಸಿಮೆಂಟೋ?

ಅಮೆರಿಕದ ಹಳೆಯ ಅಣ್ವಸ್ತ್ರ ತಾಣವಾದ ಹ್ಯಾನ್‌ಫೋರ್ಡ್‌ನ 177 ಭೂಗತ ಟ್ಯಾಂಕ್‌ಗಳಲ್ಲಿ ಸುಮಾರು 21 ಕೋಟಿ ಲೀಟರ್ ವಿಕಿರಣಶೀಲ ತ್ಯಾಜ್ಯವಿದೆ. ಅದರ ಕಡಿಮೆ ವಿಕಿರಣದ ಪಾಲನ್ನು ಕರಗಿಸಿ ಗಾಜು ಮಾಡುವುದು ಒಳ್ಳೆಯದೋ, ಸಿಮೆಂಟಿನಲ್ಲಿ ಕಲಸಿಡುವುದೋ ಎಂದು ಕೇಳಿದ್ದೀರಿ.

ಮೊದಲು ಗಾಳಿಯ ವಿಚಾರ. ಗಾಜಿಗೆ ಸುಮಾರು 1150 ಡಿಗ್ರಿ ಸೆಲ್ಸಿಯಸ್ ಕುಲುಮೆ ಬೇಕು. ನೈಟ್ರೇಟ್ ಎಂಬ ಲವಣವನ್ನು ಒಡೆಯಲೆಂದು ತ್ಯಾಜ್ಯಕ್ಕೆ ಸಕ್ಕರೆ ಬೆರೆಸುತ್ತಾರೆ. ಅದರಿಂದ ಅಸಿಟೋನೈಟ್ರೈಲ್ ಎಂಬ ವಿಷವಸ್ತು ಹುಟ್ಟುತ್ತದೆ. ಟೆಕ್ನೀಷಿಯಂ, ಅಯೋಡಿನ್ ಎಂಬ ವಿಕಿರಣಶೀಲ ಧಾತುಗಳೂ ಆವಿಯಾಗಿ ಏಳುತ್ತವೆ. ಹಾಗಾಗಿ ಹೊಗೆ ತೊಳೆಯಬೇಕು, ಸೋಸಬೇಕು, ತೊಳೆದ ನೀರನ್ನೂ ಸಂಸ್ಕರಿಸಬೇಕು. ಇದಕ್ಕೆಲ್ಲ ಪರವಾನಗಿಯೂ ಬೇಕು. ಸಿಮೆಂಟ್ ಮಾಮೂಲಿ ತಾಪದಲ್ಲೇ ಗಟ್ಟಿಯಾಗುತ್ತದೆ. ಈ ತಲೆನೋವೂ ಕಡಿಮೆ, ಖರ್ಚೂ ಕಡಿಮೆ.

ಅಂತರ್ಜಲಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಕುಲುಮೆಯಲ್ಲಿ ನೈಟ್ರೇಟ್ ನಾಶವಾಗುತ್ತದೆ. ಸಿಮೆಂಟಿನಲ್ಲಿ ಹಾಗೇ ಉಳಿದು ಜಿನುಗಬಲ್ಲದು. ಟೆಕ್ನೀಷಿಯಂ-99 ಕೂಡ ಸಿಮೆಂಟಿನಿಂದ ಜಿನುಗಬಲ್ಲದು. ಅದರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 2 ಲಕ್ಷ ವರ್ಷ ದಾಟುತ್ತದೆ. ಹೂಳುವ ಜಾಗವೂ ಸಿಮೆಂಟಿಗೇ ಹೆಚ್ಚು.

ಕೊಲಂಬಿಯಾ ನದಿ ಹರಿಯುವ ಆ ನೆಲದಲ್ಲೇ ಹೂಳುವುದಾದರೆ ನಾನು ಗಾಜಿನ ಪರ. ತೀವ್ರ ವಿಕಿರಣದ ಸೀಸಿಯಂ ಧಾತುವನ್ನು ತೆಗೆದು, ಕುಡಿಯುವ ಅಂತರ್ಜಲವಿಲ್ಲದ ಒಣ ಪ್ರದೇಶಕ್ಕೆ ಸಾಗಿಸಲು ಅನುಮತಿ ಸಿಕ್ಕರೆ ಸಿಮೆಂಟ್ ಸಾಕು; ಸೋರುವ ಹಳೆಯ ಟ್ಯಾಂಕ್‌ಗಳು ಬೇಗ ಖಾಲಿಯಾಗುವುದು ಸಣ್ಣ ಲಾಭವಲ್ಲ. ದಕ್ಷಿಣ ಕ್ಯಾರೊಲೈನಾದ ಅಣ್ವಸ್ತ್ರ ತಾಣವಾದ ಸವಾನಾ ರಿವರ್‌ನಲ್ಲಿ 1990ರಿಂದ ಇಂಥ ಪಾಲಿಗೆ ಸಿಮೆಂಟನ್ನೇ ಬಳಸುತ್ತಿದ್ದಾರೆ. ತೀವ್ರ ವಿಕಿರಣದ ಕೆಸರಿಗೆ ಮಾತ್ರ ಅಲ್ಲೂ ಗಾಜೇ.